ಅಸಾಹೆಲ್ ಮಾಮನ ಹೊಗೆ ಲೆಕ್ಕ

ಬಾಸ್ಟನ್ ಪಟ್ಟಣದೊಳಗೆ ಇಂಗ್ಲೆಂಡ್ ರಾಜನ ಸೈನ್ಯ, ಹೊರಗಿನ ಗುಡ್ಡದ ಮೇಲೆ ಅದಕ್ಕೆ ಮುತ್ತಿಗೆ ಹಾಕಿದ ನಮ್ಮ ದಂಡು, ದಂಡಿನ ಕಾವಲಿಗೆ ಅಸಾಹೆಲ್ ಮಾಮ. ಹತ್ತು ತಿಂಗಳಿಂದ ದುರ್ಬೀನು ಅವನ ಕಣ್ಣಿಗೆ ಅಂಟಿಕೊಂಡಿದೆ; ಮದುವೆಯ ದಿನ ಹೆಂಡತಿಯನ್ನೂ ಅಷ್ಟು ಹೊತ್ತು ನೋಡಿರಲಾರ. ಉಳಿದ ಕಾವಲಿನವರು ಫಿರಂಗಿ, ಕುದುರೆ, ಕೆಂಪು ಕೋಟಿನ ಸಿಪಾಯಿಗಳನ್ನು ಎಣಿಸಿದರೆ ಇವನು ನೋಡುವುದು ಬೇಕರಿಗಳ ಹೊಗೆಯನ್ನು. "ಕೋಟು ನೋಡಿದ್ರೆ ಏನ್ ಗೊತ್ತಾಗುತ್ತೆ? ಒಲೆ ನೋಡ್ರೋ" ಎನ್ನುತ್ತಾನೆ. ಒಮ್ಮೆ ಯಾರದೋ ಹೊಗೆಗೂಡಿಗೆ ಬೆಂಕಿ ಹತ್ತಿದ್ದನ್ನು ದಾಳಿಯ ಸಿದ್ಧತೆಯೆಂದು ಸಾರಿ, ನಮ್ಮನ್ನೆಲ್ಲ ಅರ್ಧ ದಿನ ಹಿಮದಲ್ಲಿ ನಿಲ್ಲಿಸಿದ್ದ. ಬಂದರಿನ ಪಕ್ಕದ ಒಂದು ಹೊಗೆಗೂಡು ಕಂಡರೆ ಮಾತ್ರ ಬೈಗುಳ ಶುರು. "ಹಸಿ ಸೌದೆ ತುರುಕ್ತಾರೆ ದರಿದ್ರದವರು, ಒಲೆ ಹಾಳಾಗುತ್ತೆ." ಅದು ಅವನದೇ ಬೇಕರಿ. ಊರು ಬಿಟ್ಟು ಓಡಿಬರುವಾಗ ಅವನು ತಂದದ್ದು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಹುಳಿಹಿಟ್ಟಿನ ಪುಟ್ಟ ಭರಣಿಯೊಂದನ್ನೇ. ಹೆಪ್ಪುಗಟ್ಟದಿರಲೆಂದು ಅದನ್ನು ಕೋಟಿನೊಳಗೆ ಎದೆಗೆ ಕಟ್ಟಿಕೊಂಡಿದ್ದಾನೆ. ಸಾಯದಿರಲೆಂದು ತನ್ನ ಪಾಲಿನ ಹಿಟ್ಟಿನಲ್ಲಿ ದಿನಕ್ಕೊಂದು ಚಿಟಿಕೆ ಉಣಿಸುತ್ತಾನೆ. ಈಗ ನಾಲ್ಕು ದಿನಗಳಿಂದ ಪಟ್ಟಣದ ಒಲೆಗಳೆಲ್ಲ ಆರದೆ ಉರಿಯುತ್ತಿವೆ. "ಏನ್ ಮಾಮ, ಈ ಸಲಾನೂ ದಾಳಿನಾ?" ಎಂದು ಬೆಳಿಗ್ಗೆ ಕೆಣಕಿದೆ. "ಇಷ್ಟೊಂದು ಬ್ರೆಡ್ಡು ಸುಡೋದು ಹಡಗಿನ ದಾರಿಗೆ ಕಣೋ. ಹೊರಟ್ರು ಅವರು" ಎಂದ. ಹಿಮದಲ್ಲಿ ನಿಂತದ್ದು ನೆನಪಾಗಿ ನಾನು ನಂಬಲಿಲ್ಲ. ಅವನು ದುರ್ಬೀನನ್ನು ನನ್ನ ಕೈಗಿತ್ತು ಭರಣಿ ಬಿಚ್ಚಿದ. ಒಂದು ಚಿಟಿಕೆಯಲ್ಲ, ತನ್ನ ಇಡೀ ವಾರದ ಹಿಟ್ಟನ್ನು ಬಕೆಟ್ಟಿಗೆ ಸುರಿದು ಆ ಹುಳಿಹಿಟ್ಟಿನೊಂದಿಗೆ ಕಲಸತೊಡಗಿದ. "ಊರಿಗೆಲ್ಲ ಸಾಕಾಗಬೇಕಲ್ಲ" ಎಂದ.