ಅವ್ವನ ಬಾವಿಯ ಕಥೆ ಕದ್ದವನು

ಆಗ ಹಿಂದೂಪುರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೆ. ಅವ್ವ ಚಿಕ್ಕವಳಿದ್ದಾಗ ಕಲ್ಯಾಣದುರ್ಗದಲ್ಲಿ, ಬಾವಿಗೆ ಬಿದ್ದ ತಂಗಿಯನ್ನು ಹಗ್ಗ ಹಿಡಿದು ಇಳಿದು ಉಳಿಸಿದ ಕಥೆಯನ್ನು ಓದುಗರು ತುಂಬ ಮೆಚ್ಚಿಕೊಂಡಿದ್ದರು.

ಒಂದು ದಿನ ಅದೇ ಬರಹ ಬೇರೊಬ್ಬನ ಬ್ಲಾಗಿನಲ್ಲಿ ಕಂಡಿತು. ಊರಿನ ಹೆಸರು ಬದಲಾಗಿತ್ತು. ನನ್ನ ಅವ್ವ ಅವನ ಅಜ್ಜಿಯಾಗಿದ್ದಳು. ಇದನ್ನು ತೆಗೆಯಿರಿ ಎಂದು ಅಲ್ಲಿ ಬರೆದೆ. ಮರುದಿನ ಉತ್ತರ ಬಂತು: "ಕದ್ದಿದ್ದು ನೀವು. ನಿಮ್ಮ ಬ್ಲಾಗನ್ನೇ ಮುಚ್ಚಿಸ್ತೀನಿ." ಅವನ ಬರಹದ ಮೇಲೆ ನನ್ನದಕ್ಕಿಂತ ಹಿಂದಿನ ತಾರೀಕು ಹಾಕಿಕೊಂಡಿದ್ದ. ಓದುಗರು ನನ್ನನ್ನೇ ಅನುಮಾನಿಸತೊಡಗಿದರು.

ಊರಿನಲ್ಲಿದ್ದ ಅವ್ವನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತುಬಿಟ್ಟೆ. "ಅಳಬ್ಯಾಡ ಕಣಮ್ಮ, ನಾಳೆ ಮೊದಲ್ನೇ ಬಸ್ಸಿಗೇ ಬತ್ತೀನಿ," ಅಂದಳು.

ಬಂದವಳೇ ಸೆಂಟರಿನ ಕ್ಯಾಮೆರಾದ ಮುಂದೆ ಎರಡೂ ಅಂಗೈ ಚಾಚಿದಳು. ಹಗ್ಗ ಉಜ್ಜಿ ಸುಲಿದ ಗಾಯದ ಗುರುತುಗಳು, ನಾನು ಬರೆದಿದ್ದಂತೆಯೇ, ಇನ್ನೂ ಇದ್ದವು. "ಇದ್ನ ಹಾಕು. ಅವನೂ ಅವರಜ್ಜಿ ಕೈ ತೋರಿಸ್ಲಿ, ಚೂದ್ದಾಂ, ನೋಡೇಬಿಡಾಣ!"

ಫೋಟೋ ಹಾಕಿ, ಬ್ಲಾಗ್ ನಡೆಸುವ ಕಂಪನಿಗೂ ದೂರು ಕಳಿಸಿದೆ. ಆಮೇಲೆ ಪ್ರತಿದಿನ ಸೆಂಟರಿಗೆ ಹೋಗಿ ಮೊದಲು ಎರಡೂ ಬ್ಲಾಗುಗಳನ್ನು ತೆರೆದು ನೋಡುತ್ತಿದ್ದೆ. ಮುಚ್ಚುವುದು ನನ್ನ ಬ್ಲಾಗೋ ಅವನದೋ ತಿಳಿಯದು. ಕೊನೆಗೊಂದು ಮಧ್ಯಾಹ್ನ ಅವನ ಪುಟ ತೆರೆಯಲಿಲ್ಲ; ಕಂಪನಿಯವರು ಅದನ್ನು ಮುಚ್ಚಿದ್ದರು. ತಪ್ಪಾಯಿತು ಎಂಬ ಒಂದು ಮಾತೂ ಅವನಿಂದ ಬರಲಿಲ್ಲ.

ಅಂದಿನಿಂದ ಏನೇ ಬರೆದರೂ ಮೊದಲು ಗೆಳತಿಗೆ ಇಮೇಲ್ ಮಾಡಿ, ನನ್ನ ತಾರೀಕಿಗೆ ಒಂದು ಸಾಕ್ಷಿ ಇಟ್ಟುಕೊಂಡೇ ಬ್ಲಾಗಿಗೆ ಹಾಕುತ್ತಿದ್ದೆ.