ಮನೆದೇವರ ಹೆಸರು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಹರಿಹರ ರೈಲು ನಿಲ್ದಾಣದ ಪೊಲೀಸ್ ಹೊರಠಾಣೆಗೆ ಎಎಸ್‌ಐ ಆಗಿ ಹಾಕಿದರು. ಅಪಹರಣ ಎಂದರೆ ಜನ ಈಗಲೂ ಸಿನಿಮಾದ ವ್ಯಾನು, ಬಾಯಿಗೆ ಕಟ್ಟಿದ ಬಟ್ಟೆ ಎಂದೇ ತಿಳಿಯುತ್ತಾರೆ. ಮಾನವ ಕಳ್ಳಸಾಗಣೆಯಿಂದ ನಾವು ಬಿಡಿಸಿದ ಹುಡುಗಿಯರಲ್ಲಿ ಹೆಚ್ಚಿನವರು ಕೂಲಿ, ಕಾರ್ಖಾನೆ ಕೆಲಸದ ಮನೆಗಳವರು. ಕರೆದೊಯ್ದವರು ಗುರುತಿನವರೇ, ಎಷ್ಟೋ ಸಲ ಹೆಂಗಸರು. ಹಾಗಾಗಿ ಯಾರೂ ಕಿರುಚಿರುತ್ತಿರಲಿಲ್ಲ.

ಒಂದು ಸಂಜೆ ಹುಬ್ಬಳ್ಳಿ ಕಡೆಯ ರೈಲಿಗೆ ಕಾಯುತ್ತಿದ್ದ ಹೆಂಗಸಿನ ಪಕ್ಕ ಹತ್ತೊಂಬತ್ತರ ಹುಡುಗಿಯೊಬ್ಬಳು ಊಟದ ಡಬ್ಬಿ ಹಿಡಿದು ಕೂತಿದ್ದಳು.

“ನಮ್ಮಣ್ಣನ ಮಗ್ಳು. ಮದ್ವಿಗೆ ಹೊಂಟೀವ್ರಿ,” ಎಂದಳು ಹೆಂಗಸು. ಹೆಸರು, ಊರು ಕೇಳಿದೆ, ಇಬ್ಬರದೂ ತಾಳೆಯಾಯಿತು. ಆದರೆ ಮದುವೆಗೆ ಡಬ್ಬಿ ಕಟ್ಟಿಕೊಂಡು ಹೋಗುವವರನ್ನು ನಾನಂತೂ ಕಂಡಿರಲಿಲ್ಲ.

ಇಂಥಲ್ಲಿ ನನ್ನದೊಂದು ಪದ್ಧತಿಯಿತ್ತು. ಹೆಂಗಸನ್ನು ಪಕ್ಕಕ್ಕೆ ಕರೆದು ತವರಿನ ಮನೆದೇವರು ಯಾರೆಂದು ಕೇಳಿದೆ. “ಮೈಲಾರಲಿಂಗ,” ಎಂದಳು. ಅಣ್ಣನ ಮಗಳಿಗೂ ಅದೇ ಆಗಿರಬೇಕಲ್ಲ? ಹುಡುಗಿಯನ್ನು ಬೇರೆಯಾಗಿ ಕೇಳಿದೆ. “ಉಚ್ಚಂಗೆಮ್ಮ,” ಎಂದಳು. ಅಷ್ಟರಲ್ಲಿ ಹೆಂಗಸು ಗೇಟಿನತ್ತ ಕಾಲು ಕಿತ್ತಿದ್ದಳು. ಕಾನ್‌ಸ್ಟೆಬಲ್ ಹಿಡಿದರು.

ಹುಡುಗಿ ಆಮೇಲೆ ಬಾಯಿಬಿಟ್ಟಳು. ಊರು ಕೊಕ್ಕನೂರು, ಕೆಲಸ ಹತ್ತಿರದ ಕರೂರಿನ ಕಾರ್ಖಾನೆಯಲ್ಲಿ. ಅಲ್ಲಿ ಹಿಂದೆ ಜೊತೆಗಿದ್ದ ಈ ಹೆಂಗಸು ಗೇಟಿಗೆ ಬಂದು, ನಿಮ್ಮವ್ವ ಆಸ್ಪತ್ರೆಯಲ್ಲಿದ್ದಾಳೆ ಎಂದು ಆಟೋ ಹತ್ತಿಸಿದ್ದಳು. ದಾರಿಯಲ್ಲಿ ಮೊಬೈಲ್ ಕಸಿದು, ಬಾಯಿಬಿಟ್ಟರೆ ನಿನ್ನ ತಮ್ಮ ಉಳಿಯುವುದಿಲ್ಲ ಎಂದು ಹೆದರಿಸಿದ್ದಳು.

“ಹೆಸ್ರು, ಊರು ಎಲ್ಲಾ ಸುಳ್ಳು ಹೇಳಿದ್ನಿ ಮೇಡಂ. ಮನೆದೇವ್ರ ಹೆಸ್ರು ಸುಳ್ಳು ಹೇಳಾಕೆ ಬಾಯಿ ಬರ್ಲಿಲ್ಲ.”

ಅವಳ ಅಪ್ಪನಿಗೆ ಫೋನ್ ಮಾಡಿದೆ. ಮಗಳು ತಾನಾಗೇ ಆಟೋ ಹತ್ತಿದ್ದನ್ನು ನೋಡಿದವರು ಆಗಲೇ ಊರಿಗೆ ಸುದ್ದಿ ಮುಟ್ಟಿಸಿದ್ದರು. “ಓಡಿ ಹೋದೋಳು ನಮಗೆ ಬ್ಯಾಡ್ರೀ,” ಎಂದು ಆತ ಫೋನ್ ಇಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿ ಮಾತ್ರ, “ನಂಗೊತ್ತಿತ್ತು. ಊರಿಗೆ ಹೆಂಗೆ ಹೋಗ್ಲಿ?” ಎಂದಳು.

ಮಾರನೆಯ ದಿನ ಹೇಳಿಕೆಯೆಲ್ಲ ಮುಗಿದ ಮೇಲೆ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಕೊಕ್ಕನೂರಿಗೆ ಹೋದೆ. ಹುಡುಗಿ ಜೀಪಿನಿಂದ ಇಳಿಯಲಿಲ್ಲ. “ಒಳಗೆ ಬರ್ರಿ, ಕೂಡ್ರಿ,” ಎಂದರು ಮನೆಯವರು. ನಾನು ಕೂರಲಿಲ್ಲ. ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ, ಅವಳು ಓಡಿಹೋದವಳಲ್ಲ, ಮೋಸ ಮಾಡಿ ಕರೆದೊಯ್ದಿದ್ದರು ಎಂದು, ಮನೆದೇವರ ಮಾತೂ ಸೇರಿಸಿ, ನಡೆದದ್ದನ್ನೆಲ್ಲ ಹೇಳಿದೆ.

ಅಪ್ಪ ಕೇಳಿದ್ದು ಒಂದೇ. “ಉಚ್ಚಂಗೆಮ್ಮ ಅಂದ್ಲೇನ್ರೀ?”

ಹೌದೆಂದೆ. ಆತ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ತಾಯಿ ಬರಿಗಾಲಲ್ಲೇ ಜೀಪಿನತ್ತ ಓಡಿದಳು.

ಬಿಡಿಸಿದ ಹುಡುಗಿ ತನ್ನ ಮನೆಯ ಹೊಸ್ತಿಲು ದಾಟುವವರೆಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಅದನ್ನು ನಾನು ಕಲಿತದ್ದು ಅವತ್ತು, ಆ ಓಣಿಯಲ್ಲಿ.