ಪಕ್ಕದ ಸಾಲಿನಲ್ಲಿ ಅಕ್ಕನ ಎಡಗೈ

ಮೊನ್ನೆ ಹಿತ್ತಲಲ್ಲಿ ಮೆಂತ್ಯೆ ಬಿತ್ತಲೆಂದು ನೆಲ ಹಸನು ಮಾಡುತ್ತಿದ್ದೆ. ಕಳೆ ತೆಗೆಯುವ ಕುರ್ಚಿಗೆಯ ಬಾಯಿಗೆ ಜೇಕಿನ ಗಡ್ಡೆಯೊಂದು ಸಿಕ್ಕು ಎರಡು ಹೋಳಾಯಿತು. ಶೇಂಗಾ ಕಾಳಿನಷ್ಟು ಗಡ್ಡೆ, ಮೇಲೆ ಕಪ್ಪು, ಒಳಗೆ ಬಿಳಿ. ಮೂಗಿಗೆ ಹಿಡಿದರೆ ಅರ್ಧ ಕರ್ಪೂರ, ಅರ್ಧ ಹಸಿ ಮಣ್ಣು. ಜೇಕು ಹೊಲದ ಕಳೆ-ಕಸಗಳಲ್ಲೆಲ್ಲ ಹಟಮಾರಿ. ಮೇಲಿನ ಹುಲ್ಲು ಕಿತ್ತರೆ ಅದಕ್ಕೆ ಏನೂ ಆಗುವುದಿಲ್ಲ. ಗಡ್ಡೆ ಒಳಗೇ ಉಳಿದರೆ ಎಂಟು ದಿನಕ್ಕೆ ಮತ್ತೆ ಹಸಿರಾಗಿ ನಿಂತಿರುತ್ತದೆ. ಆ ವಾಸನೆ ಬಂದದ್ದೇ ತಡ, ಅಕ್ಕ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ ಹಾಗಾಯಿತು…

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ಬೇರೆ ಯಾರಿಗಾದರೂ ಹೇಳಿ ಬರೆಸಬಹುದಿತ್ತು. ಆದರೆ ಬೇರೆಯವರ ಬಾಯಿಯ ಹಿಂದೆ, ಹೆಸರಿನ ಹಿಂದೆ ನಿಲ್ಲುವುದನ್ನು ನಾನು ಒಮ್ಮೆ ಮಾಡಿ ಆಗಿದೆ. ಇದನ್ನು ನಾನೇ ಬರೆಯಬೇಕು.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಗಂಡನ ಮನೆಯಲ್ಲಿ ಬಾಳುವೆ ಆಗದೆ ತವರಿಗೆ ಬಂದಳು. ನಮ್ಮದು ಕಾನಹೊಸಹಳ್ಳಿಯಿಂದ ಒಳಗೆ ಹೋಗುವ ಒಂದು ಸಣ್ಣ ಊರು. ಬಂದು ಒಂದು ವರ್ಷದೊಳಗೆ ಊರಿನ ಹೆಂಗಸರನ್ನು ಸೇರಿಸಿ ಕಸ ತೆಗೆಯುವ ಗುಂಪು ಕಟ್ಟಿದಳು. ಹನ್ನೊಂದು ಮಂದಿ. ಇದೆಲ್ಲ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ಕೊಟ್ಟೂರು ಕಡೆಯ ಈರುಳ್ಳಿ ಹೊಲದವರು ಬೆಳಿಗ್ಗೆ ಟ್ರ್ಯಾಕ್ಟರ್ ಕಳಿಸಿ ನಮ್ಮನ್ನು ಕರೆಸಿಕೊಳ್ಳುತ್ತಿದ್ದರು. ಅಕ್ಕನ ಹೆಸರು ಹೋಗಿ ‘ಗುಂಪಿನಕ್ಕ’ ಎಂದೇ ಆಯಿತು.

ಮೊದಮೊದಲು ಅವಳ ಬಾಯಿ ಬಹಳ ಜೋರು. ಈರುಳ್ಳಿ ಹೊಲದಲ್ಲಿ ಹೆಂಗಸರು ಒಂದೇ ಗೆರೆಯಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಮುಂದೆ ಸರಿಯುತ್ತಾರೆ. ಮೊದಲ ಸಾಲಿನವಳು ಹೇಗೆ ಓಡುತ್ತಾಳೋ ಉಳಿದವರು ಹಾಗೆ ಓಡಬೇಕು. ಆ ಸಾಲು ಅಕ್ಕನದು. ಹಿಂದೆ ಬಿದ್ದವರಿಗೆ ಅವಳ ಮಾತು ಬಂದು ತಾಕುತ್ತಿತ್ತು. ಒಂದು ದಿನ ಗುಂಪಿನಲ್ಲಿದ್ದ ಮುದುಕಿಯೊಬ್ಬಳಿಗೆ, “ಏ ಯವ್ವ, ಕಸ ತಗೀತೀಯೋ, ಕಸಕ್ಕ ತೊಟ್ಲಾ ತೂಗ್ತೀಯೋ?” ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಮರುದಿನ ಮುದುಕಿ ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ. ಮೂರನೇ ದಿನ ಅಕ್ಕ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದಳು. ಮುದುಕಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನನ್ನ ಕೈ ನಿಧಾನ ಅಂಬೋದು ನನಗ ಗೊತ್ತೈತಿ ತಂಗಿ. ಅದನ್ನ ಅಷ್ಟು ಮಂದಿ ಮುಂದ ಹೇಳಬೇಕಾಗಿರಲಿಲ್ಲ.” ಅಷ್ಟೇ. ಮತ್ತೆಂದೂ ಗುಂಪಿಗೆ ಬರಲಿಲ್ಲ. ನಮ್ಮ ಮನೆ ಬಾಗಿಲಿಗೆ ಬಂದ ಮೇಲೆ ಅಕ್ಕ, “ನನ್ನ ಬಾಯಿ ಚಲೋ ಇಲ್ಲ” ಅಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ…

ಮರುದಿನದಿಂದ ಅವಳು ಮೊದಲ ಸಾಲು ಬಿಟ್ಟಳು. ಅದನ್ನು ನನಗೆ ಕೊಟ್ಟಳು. ತಾನು ಆ ತುದಿಗೆ ಹೋಗಿ, ಗುಂಪಿನಲ್ಲಿ ಯಾರ ಕೈ ಎಲ್ಲರಿಗಿಂತ ನಿಧಾನವೋ ಅವರ ಪಕ್ಕದ ಸಾಲು ಹಿಡಿದಳು. ಬಲಗೈಯ ಕುರ್ಚಿಗೆ ತನ್ನ ಸಾಲಿನಲ್ಲಿ, ಎಡಗೈ ಪಕ್ಕದವಳ ಸಾಲಿನಲ್ಲಿ. ಮಾತಾಡುತ್ತ ಮಾತಾಡುತ್ತಲೇ ಆ ಎಡಗೈ ಪಕ್ಕದ ಕಸವನ್ನೂ ಕಿತ್ತು ಹಾಕುತ್ತಿತ್ತು. ಪಕ್ಕದವಳಿಗೆ ತಾನು ಹಿಂದೆ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ.

ಸಿಟ್ಟು ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅದಕ್ಕೆ ಅವಳೇ ಒಂದು ದಾರಿ ಕಂಡುಕೊಂಡಳು. ಯಾರ ಮೇಲೆ ಸಿಟ್ಟು ಬಂದರೂ ಜೇಕಿಗೆ ಬಯ್ಯುವುದು. “ಲೇ ಜೇಕೇ, ನಾಚಿಕಿ ಐತೇನಲೇ ನಿನಗ? ಹೊತ್ತು ಮೂಡಿ ಎಷ್ಟೊತ್ತಾತು, ಈಗ ಬರ್ತೀಯಾ?” ಅಂದರೆ ತಡವಾಗಿ ಬಂದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ, “ನಾಳೆ ಬೇಗ ಬರ್ತೈತಂತ ಬಿಡು ಯಕ್ಕ ಜೇಕು” ಅನ್ನುತ್ತಿದ್ದಳು. ಹೊಲವೆಲ್ಲ ನಗು. ಒಮ್ಮೊಮ್ಮೆ ತಪ್ಪಿ ಬೈಗುಳ ನೇರ ಬಾಯಿಂದ ಬಂದೇಬಿಡುತ್ತಿತ್ತು. ಹಾಗಾದರೆ ಮರುದಿನ ಟ್ರ್ಯಾಕ್ಟರಿನಲ್ಲಿ ಎಲ್ಲರ ಎದುರಿಗೇ, “ನಿನ್ನೆ ನಾ ಅಂದಿದ್ದು ತಪ್ಪಾತು” ಅನ್ನುತ್ತಿದ್ದಳು.

ನನಗೆ ಅದು ಹಿಡಿಸುತ್ತಿರಲಿಲ್ಲ. “ಹಂಗ ತಪ್ಪಾತು ತಪ್ಪಾತು ಅಂತ ಕುಂತ್ರ ಯಾರು ಹೆದರ್ತಾರ ನಿನಗ?” ಎಂದು ಕೇಳಿದ್ದೆ.

“ಹೆದರಿಸಿದ್ರ ಕೈ ಓಡ್ತಾವ. ಕಣ್ಣು ನೋಡಂಗಿಲ್ಲ. ಮ್ಯಾಲಿನ ಹುಲ್ಲು ಕಿತ್ತು ಮುಂದ ಹೋಗ್ತಾರ, ಗಡ್ಡಿ ಅಲ್ಲೇ ಉಳೀತೈತಿ” ಅಂದಳು.

ನಾನು ಕೇಳಿಸಿಕೊಂಡೆ, ಅಷ್ಟೇ. ನನಗಾಗ ಹತ್ತೊಂಬತ್ತು ವರ್ಷ. ಕೈ ಚುರುಕಾಗಿತ್ತು. ಮೊದಲ ಸಾಲಿನಲ್ಲಿ ನನ್ನ ಸರಿಸಮ ಬರುವವರು ಗುಂಪಿನಲ್ಲಿ ಇರಲಿಲ್ಲ. ಹೊಲದ ಗೌಡರೊಬ್ಬರು, “ಗುಂಪಿನಕ್ಕ ನಿಮ್ಮಕ್ಕನೋ, ನೀನೋ?” ಎಂದು ತಮಾಷೆ ಮಾಡಿದ್ದರು. ತಮಾಷೆಯೆಂದು ಗೊತ್ತಿದ್ದರೂ ಆ ಮಾತನ್ನು ನಾನು ಬಹಳ ದಿನ ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡಿದ್ದೆ.

ಆ ವರ್ಷ ಅವ್ವನ ಕಣ್ಣಿನ ಪೊರೆ ತೆಗೆಸಲು ಅಕ್ಕ ಅವಳನ್ನು ಹರಪನಹಳ್ಳಿಗೆ ಕರೆದುಕೊಂಡು ಹೋಗಬೇಕಾಯಿತು. ಐದಾರು ದಿನದ ಕೆಲಸ. ಗುಂಪು ನನ್ನ ಕೈಗೆ ಬಂತು. ಹೊರಡುವ ಮುಂಚೆ ಅಕ್ಕ ನನ್ನನ್ನು ಒಳಗೆ ಕರೆದು ಒಂದೇ ಮಾತು ಹೇಳಿದಳು. ಆಗ ಕೊನೆಯ ಸಾಲು ಹಿಡಿಯುತ್ತಿದ್ದವಳು ನಮ್ಮ ಓಣಿಯ ಒಬ್ಬ ಸೊಸೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. “ಆಕಿಗೆ ಎರಡು ಸಲ ಬಸಿರು ನಿಂತಿಲ್ಲ. ಈಗ ಮೂರು ತಿಂಗಳು. ಅತ್ತಿಗೂ ಹೇಳಿಲ್ಲ, ನನಗೊಬ್ಬಾಕಿಗೇ ಹೇಳ್ಯಾಳ. ನೀನು ಮೊದಲ್ನೇ ಸಾಲು ಬಿಟ್ಟು ಆಕಿ ಪಕ್ಕ ಕುಂದರು. ಯಾಕಂತ ಯಾರೂ ಕೇಳಂಗಿಲ್ಲ.”

“ಹೂಂ” ಅಂದೆ.

ಮರುದಿನ ಹೊಲದ ಬದುವಿನ ಮೇಲೆ ಗೌಡರು ನಿಂತಿದ್ದರು. ಮೋಡ ಕಟ್ಟಿತ್ತು; ಮಳೆ ಬರುವುದರೊಳಗೆ ಹೊಲ ಮುಗಿಯಬೇಕು ಅಂದರು. ಅವರು ನಿಂತದ್ದು ಮೊದಲ ಸಾಲಿನ ತುದಿಯಲ್ಲಿ. ಅವರ ಕಣ್ಣಿಗೆ ಬೀಳದ ಆ ಮೂಲೆಗೆ ಹೋಗಿ ಕೂರಲು ನನಗೆ ಮನಸ್ಸು ಬರಲಿಲ್ಲ. ಮೊದಲ ಸಾಲನ್ನೇ ಹಿಡಿದೆ. ಅಕ್ಕ ಇದ್ದಾಗ ಓಡುತ್ತಿದ್ದುದಕ್ಕಿಂತ ಜೋರಾಗಿ ಓಡಿದೆ.

ಮೂರನೇ ದಿನ ಮಧ್ಯಾಹ್ನ ಎಲ್ಲರೂ ಸಾಲು ಮುಗಿಸಿ ಬದುವಿಗೆ ಮುಟ್ಟಿದರೂ ಆ ಸೊಸೆಯೊಬ್ಬಳು ಅರ್ಧದಲ್ಲಿದ್ದಳು. ಗೌಡರು ನಕ್ಕು, “ಏನು ತಂಗಿ, ಅಕ್ಕ ಇಲ್ಲಂದ್ರ ಗುಂಪು ಕುಂಟತೈತಲ್ಲ?” ಅಂದರು. ನನಗೆ ಮೈಯೆಲ್ಲ ಉರಿಯಿತು. ಅವಳ ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಅಂದೆ: “ಬಸುರಿ ಆದ್ರ ಮನ್ಯಾಗ ಕುಂದರಬೇಕು. ಹೊಲಕ್ಕ ಬಂದು ಗುಂಪಿನ ಮರ್ಯಾದಿ ಕಳೀಬಾರದು.”

ಬದುವಿನ ಮೇಲೆ ನೀರು ಕುಡಿಯುತ್ತಿದ್ದವರು ಚೊಂಬು ಇಳಿಸಿದರು. ಅವಳು ತಲೆ ಎತ್ತಿದಳು. ಮುಖದಲ್ಲಿ ಬೆವರು, ಹಣೆಗೆ ಮಣ್ಣು ಮೆತ್ತಿತ್ತು.

“ನಿನಗ ಯಾರು ಹೇಳಿದ್ರು?”

“ಅಕ್ಕ.”

“ಹಿಂಗ ಅನ್ನು ಅಂತ ಅಕ್ಕನೇ ಹೇಳ್ಯಾಳ?”

ಇಲ್ಲ ಅನ್ನಲು ನನಗೆ ಹೊತ್ತಿತ್ತು. ಒಂದು ಉಸಿರಿನಷ್ಟು ಹೊತ್ತು. ನನ್ನ ಮಾತಿಗೆ ಅವಳು ಬಗ್ಗುವುದಿಲ್ಲ, ಅಕ್ಕನ ಮಾತಿಗೆ ಬಗ್ಗುತ್ತಾಳೆ ಎಂದು ನನಗೆ ಗೊತ್ತಿತ್ತು. “ಹೂಂ. ಸಾಲು ಮುಗಿಸಿದ್ರ ಇರಲಿ, ಇಲ್ಲಂದ್ರ ನಾಳಿಂದ ಬರೋದು ಬ್ಯಾಡ ಅಂದಾಳ” ಎಂದೆ.

ಅವಳು ಬಗ್ಗಿದಳು. ಆ ಸಾಲು ಮುಗಿಸಿದಳು. ಮರುದಿನ ನನಗಿಂತ ಮುಂಚೆ ಬದು ಮುಟ್ಟಿದಳು. ಮಳೆಗೆ ಮುಂಚೆ ಹೊಲ ಮುಗಿಯಿತು. ಅವತ್ತು ಟ್ರ್ಯಾಕ್ಟರಿನಲ್ಲಿ ಯಾರೂ ನಗಲಿಲ್ಲ, ಹಾಡಲಿಲ್ಲ. ದಣಿದಿದ್ದಾರೆ ಎಂದುಕೊಂಡೆ. ಗುಂಪು ನಡೆಸಲು ನನಗೂ ಬರುತ್ತದೆ ಎಂದೂ ಅಂದುಕೊಂಡೆ…

ಅದರ ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಬಸಿರು ನಿಂತಿರಲಿಲ್ಲ. ಕೆಲಸದಿಂದಲೇ ಹಾಗಾಯಿತು ಎಂದು ಹೇಳಲು ಬರುವುದಿಲ್ಲ, ಮೊದಲೂ ಎರಡು ಸಲ ಹೀಗೆ ಆಗಿದೆಯಲ್ಲ ಎಂದು ನರ್ಸಮ್ಮ ಹೇಳಿದರಂತೆ. ಆ ಮಾತನ್ನು ನಾನು ಎಷ್ಟೋ ವರ್ಷ ಅವುಚಿಕೊಂಡಿದ್ದೆ. ಅದರಿಂದ ನನಗೆ ನಿದ್ದೆ ಮಾತ್ರ ಬರಲಿಲ್ಲ.

ಅಕ್ಕ ಊರಿಗೆ ಬಂದವಳೇ ಸುದ್ದಿ ಕೇಳಿ ಅವಳ ಮನೆಗೆ ಹೊರಟಳು. ನಾನೂ ಹೋದೆ. ಹೋಗದಿದ್ದರೆ ಅಕ್ಕನಿಗೆ ಅನುಮಾನ ಬರುತ್ತದೆಂದು ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಅಕ್ಕನನ್ನು ಕಂಡು ಅಳಲಿಲ್ಲ.

“ನಿನ್ನ ನಂಬಿ ಹೇಳಿದ್ದೆ ಯಕ್ಕ. ನಾನು ಬ್ಯಾಡಾಗಿದ್ರ ನನಗೇ ಹೇಳಬೇಕಿತ್ತು. ಗೌಡನ ಮುಂದ, ಮಂದಿ ಮುಂದ, ತಂಗಿ ಬಾಯಿಲೆ ಹೇಳಿಸಿದ್ಯಾ. ಸಾಲು ಮುಗಿಸದಿದ್ರ ಬರಬ್ಯಾಡ ಅಂದ್ಯಂತಲ್ಲ.”

ಅಕ್ಕ ತಿರುಗಿ ನನ್ನನ್ನು ನೋಡಿದಳು. ನಾನು ಹೊಸ್ತಿಲು ನೋಡಿದೆ. ಎಷ್ಟು ಹೊತ್ತು ಕಾದಳೋ… ಆಮೇಲೆ ಅವಳ ಕಡೆ ತಿರುಗಿ, “ತಪ್ಪಾತು ನನ್ನವ್ವ” ಅಂದಳು.

ಮನೆಗೆ ಬಂದ ಮೇಲೆ ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೈಕಾಲು ತೊಳೆದು ಬಂದು, “ಅಲ್ಲೇ ನಿನ್ನ ಬಾಯಿಗೆ ಬಿಟ್ಟಿದ್ದೆ. ನೀನು ಬಾಯಿ ತಗೀಲಿಲ್ಲ” ಅಂದಳು. ಸ್ವಲ್ಪ ಹೊತ್ತಾದ ಮೇಲೆ, “ನಾ ಹೇಳಿದ್ರ ನೀ ಇನ್ನ ಈ ಊರಾಗ ತಲಿ ಎತ್ತಂಗಿಲ್ಲ. ನೀನೇ ಹೋಗಿ ಹೇಳಿದ್ರ ಎತ್ತಬಹುದು. ನಾಳೆ ಹೋಗು” ಅಂದಳು.

“ಹೂಂ” ಅಂದೆ. ಎರಡನೇ ಸಲ.

ನಾನು ಹೋಗಲಿಲ್ಲ. ಅಕ್ಕ ಮತ್ತೆ ಕೇಳಲೂ ಇಲ್ಲ. ಅಕ್ಕನೇ ಗುಂಪು ಬಿಟ್ಟಳು. ಹೆಂಗಸರು ಅವಳ ಹತ್ತಿರ ಗುಟ್ಟು ಹೇಳುವುದನ್ನು ನಿಲ್ಲಿಸಿದ್ದರು. ಹಾಗಾದ ಮೇಲೆ ಗುಂಪು ನಡೆಸಬಾರದು ಎಂಬುದು ಅವಳ ಲೆಕ್ಕ. ಒಂದು ಹಂಗಾಮು ನಾನು ನಡೆಸಿದೆ. ಹನ್ನೊಂದು ಮಂದಿ ಆರಾದರು, ಆರು ಮೂರಾದರು. ನಾನು ಓಡಿಸಿ ಓಡಿಸಿ ಮುಗಿಸಿದ್ದ ಆ ಈರುಳ್ಳಿ ಹೊಲದಲ್ಲಿ ಮಳೆ ಬಂದ ಮೇಲೆ ಜೇಕು ಮೊದಲಿಗಿಂತ ದಟ್ಟವಾಗಿ ಎದ್ದಿತ್ತಂತೆ. ಆ ಗೌಡರು ಮತ್ತೆ ಟ್ರ್ಯಾಕ್ಟರ್ ಕಳಿಸಲಿಲ್ಲ.

ಅಕ್ಕ ಪಕ್ಕದೂರಿನ ಗುಂಪಿನಲ್ಲಿ ಆಳಾಗಿ ಹೋಗತೊಡಗಿದಳು. ಒಂದು ಸಲ ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕದ ಹೊಲದಲ್ಲಿ ಅವಳನ್ನು ಕಂಡೆ. ಮುಂದೆ ಯಾರೋ ಓಡುತ್ತಿದ್ದರು. ಅಕ್ಕ ಹಿಂದೆ, ಒಬ್ಬ ವಯಸ್ಸಾದ ಹೆಂಗಸಿನ ಪಕ್ಕ. ಎಡಗೈ ಅವಳ ಸಾಲಿನಲ್ಲಿತ್ತು. ಮುಂದಾಳ್ತನ ಹೋದ ಮೇಲೂ ಅವಳು ಅದನ್ನು ಬಿಟ್ಟಿರಲಿಲ್ಲ. ನಾನು ಮೊದಲ ಸಾಲನ್ನೇ ಮುಂದಾಳ್ತನ ಎಂದುಕೊಂಡಿದ್ದೆ.

ಆಮೇಲೆ ಏಳು ವರ್ಷ ಬದುಕಿದ್ದಳು. ಒಂದು ಮಳೆಗಾಲ ಜ್ವರ ಬಂದು ಹಿಡಿದದ್ದು ಬಿಡಲಿಲ್ಲ. ಅವಳಿಗೆ ಗಂಜಿ ಕುಡಿಸುತ್ತ, ನಾಳೆ ಹೋಗಿ ಹೇಳುತ್ತೇನೆ ಅಕ್ಕಾ, ಅನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ತೆರೆದ ಬಾಯಲ್ಲಿ, “ಇನ್ನೊಂದು ಗುಟುಕು ಕುಡಿ” ಅನ್ನುತ್ತಿದ್ದೆ…

ಈಗ ನಮ್ಮೂರಿನಲ್ಲಿ ಹೆಂಗಸರ ಸಂಘವಿದೆ. ಈ ಸಲ ನನ್ನನ್ನು ಮುಂದಾಳು ಮಾಡಬೇಕೆಂದು ಕೂತಿದ್ದಾರೆ. ಗುಂಪಿನಕ್ಕನ ತಂಗಿ, ಆಕೆಯ ಕೈಯಲ್ಲಿ ಕಲಿತವಳು ಎನ್ನುತ್ತಾರೆ. ಅವರಿಗೆ ಉತ್ತರ ಹೇಳುವ ಮುಂಚೆ, ಹೋದ ವಾರ, ನಾನು ಓಣಿಯ ಆ ಸೊಸೆಯ ಮನೆಗೆ ಹೋದೆ. ಅವಳಿಗೆ ಆಮೇಲೆ ಇಬ್ಬರು ಮಕ್ಕಳಾದರು. ಮಗಳ ಮದುವೆಯೂ ಆಗಿದೆ. ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಇಷ್ಟು ವರ್ಷ ನಾವಿಬ್ಬರೂ ದಾರಿಯಲ್ಲಿ ಸಿಕ್ಕರೆ “ಊಟ ಆತಾ?” ಎನ್ನುವುದಷ್ಟೇ ಇತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಅಕ್ಕ ಹಾಗೆ ಹೇಳಿರಲಿಲ್ಲ, ನಿನ್ನ ಪಕ್ಕ ಕೂರು ಅಂದಿದ್ದಳು, ಉಳಿದದ್ದೆಲ್ಲ ನಾನು ಕಟ್ಟಿದ್ದು ಎಂದೆ.

ಅವಳ ಕೈ ನಿಂತಿತು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ.

“ಆಕಿ ಇದ್ದಾಗ ಹೇಳಿದ್ರ, ಮಣ್ಣಿಗರ ಬರ್ತಿದ್ನಲ್ಲ ಯವ್ವ” ಅಂದಳು.

ಅಕ್ಕನ ಮಣ್ಣಿಗೆ ಊರೆಲ್ಲ ಬಂದಿತ್ತು. ಹಳೆಯ ಗುಂಪಿನ ಹೆಂಗಸರೆಲ್ಲ ಬಂದಿದ್ದರು. ಇವಳೊಬ್ಬಳು ಬಂದಿರಲಿಲ್ಲ. ಬಂದರೆ, ಹೆಣದ ಮುಂದೆ ಅಳುತ್ತ ಆ ದಿನದ ಮಾತು ಎತ್ತಿದರೆ ಏನು ಮಾಡಲಿ ಎಂದು ನಾನು ಅವತ್ತು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ. ಕೊನೆಗೂ ಅವಳು ಬರಲಿಲ್ಲ, ನನಗೆ ಸಮಾಧಾನವಾಗಿತ್ತು. ಅಕ್ಕನನ್ನು ಮಣ್ಣಿಗೆ ಇಳಿಸುವಾಗ ನನ್ನ ಎದೆಯಲ್ಲಿದ್ದದ್ದು ಆ ಸಮಾಧಾನ. ಅದೊಂದನ್ನು ಮಾತ್ರ ಹೋದ ವಾರವೂ ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ.